ಬೇವಿನ ಕಷಾಯದಿಂದ ಬೆಳ್ಳಿಯ ಸೂಕ್ಷ್ಮಕಣಗಳು

ಬೇವಿನ ಎಲೆಯ ಕಷಾಯವನ್ನು ಸೋಸಿ ಸಿಲ್ವರ್ ನೈಟ್ರೇಟಿನ ತೆಳು ದ್ರಾವಣದೊಡನೆ ಬೆರೆಸಿಟ್ಟರೆ, ಕೆಲವು ಗಂಟೆಗಳಲ್ಲಿ ಅದರ ನಸುಹಳದಿ ಬಣ್ಣವು ಕಂದಾಗುತ್ತದೆ. ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ವಿಜ್ಞಾನಿಗಳು 2004ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಎಲೆಯಲ್ಲಿರುವ ಕೆಲವು ವಸ್ತುಗಳು ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನುಗಳನ್ನಿತ್ತು ಅವನ್ನು ಲೋಹವಾಗಿ ಅಪಕರ್ಷಿಸುತ್ತವೆ. ಮತ್ತೆ ಕೆಲವು ಕಣಗಳನ್ನು ಆವರಿಸಿ, ಅವು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ಹೀಗೆ ಹುಟ್ಟಿದ, 100 ನ್ಯಾನೊಮೀಟರಿಗಿಂತ ಚಿಕ್ಕದಾದ ಕಣಗಳು ಸುಮಾರು 400–450 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಹೀರುವುದೇ ಆ ಬಣ್ಣಕ್ಕೆ ಕಾರಣ.

ಈ ಕಣಗಳನ್ನು ಆಲೂಗಡ್ಡೆ-ಡೆಕ್ಸ್‌ಟ್ರೋಸ್ ಅಗಾರಿನಲ್ಲಿ ಬೆರೆಸಿ, ಅದರ ಮೇಲೆ ಶಿಲೀಂಧ್ರವನ್ನಿರಿಸಿ, ಅದು ಹರಡಿದ ವ್ಯಾಸವನ್ನು ಅಳೆಯುವುದು ರೂಢಿ. ಆದರೆ ಬೆಳವಣಿಗೆ ಕುಗ್ಗಿತೆಂದ ಮಾತ್ರಕ್ಕೆ ಅದು ಕಣಗಳ ಗುಣವೆಂದು ಸಾರಲಾಗದು. ಬೇವಿನ ಕಷಾಯವೇ ಕೆಲವು ಶಿಲೀಂಧ್ರಗಳನ್ನು ತಡೆಯಬಲ್ಲದು. ಅಪಕರ್ಷಣ ಹೊಂದದೆ ಉಳಿದ ಅಯಾನಾದರೋ ಜೀವಕೋಶದ ಪ್ರೋಟೀನುಗಳಲ್ಲಿನ ಗಂಧಕದೊಡನೆ ಬೆಸೆದು ಅವುಗಳ ಕೆಲಸವನ್ನೇ ಕೆಡಿಸುತ್ತದೆ. ಆದುದರಿಂದ ಇನ್ನೂ ನಾಲ್ಕು ತಟ್ಟೆಗಳನ್ನು ಜೊತೆಗಿಡತಕ್ಕದ್ದು: ಬರಿಯ ನೀರು ಬೆರೆತದ್ದು, ಬರಿಯ ಕಷಾಯದ್ದು, ಬರಿಯ ಸಿಲ್ವರ್ ನೈಟ್ರೇಟಿನದು, ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿಯದು. ಕಣಗಳು ತಾವೂ ಮೆಲ್ಲಗೆ ಅಯಾನುಗಳನ್ನು ಬಿಡುತ್ತವೆಂಬುದನ್ನು ಆಗಲೂ ಮರೆಯಬಾರದು.

'ಹಸಿರು' ಎಂಬ ವಿಶೇಷಣವು ತಯಾರಿಕೆಯ ವಿಧಾನಕ್ಕೆ ಸಲ್ಲುತ್ತದೆಯೇ ಹೊರತು ತಯಾರಾದ ವಸ್ತುವಿಗಲ್ಲ. ಶಿಲೀಂಧ್ರಕ್ಕೆ ವಿಷವಾದ ಬೆಳ್ಳಿಯು ಮಣ್ಣಿನ ಉಪಕಾರಿ ಸೂಕ್ಷ್ಮಜೀವಿಗಳಿಗೂ ನೀರಿನ ಮೀನುಗಳಿಗೂ ವಿಷವಾಗಬಲ್ಲದು. ತಟ್ಟೆಯಲ್ಲಿ ಗೆದ್ದುದನ್ನು ತೋಟಕ್ಕೆ ಸಿಂಪಡಿಸುವ ಮುನ್ನ ಈ ಪರೀಕ್ಷೆಯೂ ನಡೆಯಬೇಕು.