ಬೆಚ್ಚನೆಯ ಕಡಲಿಗೆ ಹಗುರ ಕವಚ

ಪ್ರಶ್ನೆ: ನೇತ್ರಾಣಿ, ಅಂಡಮಾನ್‌ಗಳಲ್ಲಿ ಸ್ಕೂಬಾ ಮುಳುಗುವವರಿಗೆ ಹಗುರವಾದ ತೇಲುಜಾಕೆಟ್ಟು ಸಾಕೆ?

ಉತ್ತರ: ಧಾರಾಳವಾಗಿ ಸಾಕು, ಕಾರಣವು ಜಲದ ಉಷ್ಣತೆಯಲ್ಲಿಯೇ ಇದೆ. ಶೀತಲ ಸಮುದ್ರಗಳಲ್ಲಿ ತೊಡುವ ದಪ್ಪನೆಯ ರಬ್ಬರ್ ಉಡುಪು ತನ್ನೊಳಗಿನ ಅನಿಲಕಣಗಳಿಂದ ಮನುಷ್ಯನನ್ನು ಮೇಲಕ್ಕೆತ್ತುವುದರಿಂದಲೂ, ಆಳಕ್ಕಿಳಿದಂತೆಲ್ಲ ಒತ್ತಡದಿಂದ ಕುಗ್ಗಿ ಆ ಗುಣವನ್ನು ಕಳೆದುಕೊಳ್ಳುವುದರಿಂದಲೂ, ಅಲ್ಲಿ ಮುಳುಗಲು ಬಹಳ ಸೀಸದ ತೂಕವೂ ಅದನ್ನು ಸರಿದೂಗಿಸುವ ದೊಡ್ಡ ಗಾಳಿಚೀಲವುಳ್ಳ ಜಾಕೆಟ್ಟೂ ಅನಿವಾರ್ಯವಾಗುತ್ತವೆ. ನಮ್ಮ ಬೆಚ್ಚನೆಯ ಕಡಲಿಗಾದರೋ 3 ಮಿಲಿಮೀಟರಿನ ಉಡುಪೇ ಯಥೇಷ್ಟವಾದುದರಿಂದ, ಒಂಟಿ ಸಿಲಿಂಡರಿನವರಿಗೆ ಸುಮಾರು 10ರಿಂದ 12 ಕಿಲೋಗ್ರಾಂ ಎತ್ತುವ ಚೀಲ ಸಾಮಾನ್ಯವಾಗಿ ಸಾಲುತ್ತದೆ. ಪ್ರವಾಸಕ್ಕೆಂದೇ ನಿರ್ಮಿಸಿದ ಜಾಕೆಟ್ಟುಗಳು 2ರಿಂದ 3 ಕಿಲೋಗ್ರಾಂ ಮಾತ್ರ ತೂಗುವುದು ವಿಮಾನಯಾನಿಗಳಿಗೆ ಮಹದುಪಕಾರ. ಸೀಸದ ಬದಲು ಭಾರ ಒದಗಿಸುವುದೆಂದು ಬೆನ್ನಿಗೆ ಉಕ್ಕಿನ ಫಲಕವುಳ್ಳ ಕವಚವನ್ನು ಪ್ರಶಂಸಿಸುವವರಿದ್ದಾರೆ. ಆದರೆ ದೋಣಿಯಲ್ಲಿಯೇ ಸೀಸ ದೊರೆಯುವಾಗ ಆ ಭಾರವನ್ನು ಆಕಾಶಮಾರ್ಗದಲ್ಲಿ ಹೊತ್ತೊಯ್ಯುವುದು ನನಗೆ ಯುಕ್ತವೆಂದು ತೋರದು.

ಮೆತ್ತೆ ಕಡಿಮೆಯಿರುವ ಜಾಕೆಟ್ಟನ್ನೇ ಆರಿಸಿರಿ. ಅದು ಬೇಗ ಒಣಗುವುದು. ಅಲ್ಯೂಮಿನಿಯಂ ಸಿಲಿಂಡರು ವಾಯು ವೆಚ್ಚವಾದಂತೆ 2 ಕಿಲೋಗ್ರಾಂನಷ್ಟು ಹಗುರಾಗಿ ಕೊನೆಗೆ ತಾನೇ ತೇಲತೊಡಗುವುದರಿಂದ, ಸೀಸದ ಪ್ರಮಾಣವನ್ನು ಮುಳುಗಿನ ಅಂತ್ಯದಲ್ಲಿ, ಸಿಲಿಂಡರು ಬರಿದಾಗುವ ಸಮೀಪದಲ್ಲಿ, 5 ಮೀಟರ್ ಆಳದಲ್ಲಿ ಅಲುಗದೆ ನಿಲ್ಲಲು ಸಾಧ್ಯವೇ ಎಂದು ಪರೀಕ್ಷಿಸಿಯೇ ನಿಶ್ಚಯಿಸತಕ್ಕದ್ದು. ಬಳಕೆಯ ನಂತರ ಚೀಲದ ಒಳಗನ್ನೂ ಸಿಹಿನೀರಿನಿಂದ ತೊಳೆಯಿರಿ; ಒಳಗೆ ಉಳಿದ ಉಪ್ಪಿನಿಂದ ಗಾಳಿ ಬಿಡುವ ಕವಾಟವು ಕೆಡುವುದುಂಟು.