ನುಣುಪು ಹಾಳೆಯ ಮೇಲೆ ಹಳೆಯ ಇಂಗ್ಲೆಂಡ್

ಬ್ರಿಟನ್ನಿನ ಪರಂಪರೆ ಮತ್ತು ಪ್ರವಾಸಕ್ಕೆ ಮೀಸಲಾದ ಪತ್ರಿಕೆಗಳದ್ದೇ ಒಂದು ಲೋಕ. ಅವುಗಳಲ್ಲಿ ಸುದ್ದಿ ಕಡಿಮೆ. ಆದ್ದರಿಂದಲೇ ಅವು ಹಳಸುವುದೂ ಕಡಿಮೆ. ಹತ್ತು ವರ್ಷ ಹಿಂದಿನ ಸಂಚಿಕೆ ಹಳೆಯ ಪುಸ್ತಕದಂಗಡಿಯಲ್ಲಿ ಕಂಡರೂ ಕೈ ತಾನಾಗಿ ಅತ್ತ ಚಾಚುತ್ತದೆ. ಮಂಜು ಕವಿದ ಕಣಿವೆ, ಹುಲ್ಲುಮಾಡಿನ ಮನೆ, ಬಳ್ಳಿ ಹಬ್ಬಿದ ಚರ್ಚಿನ ಗೋಡೆ, ಕೊಳದ ಆಚೆ ದಡದಲ್ಲಿ ಕಂಬಸಾಲಿನ ಮಹಲು. ಪುಟ ತಿರುವುತ್ತ ಓದುಗ ಕುಳಿತಲ್ಲೇ ಒಂದು ದೇಶ ಸುತ್ತಿ ಬರುತ್ತಾನೆ. 1968ರಲ್ಲಿ ರಾಯ್ ಫೇರ್ಸ್ ಆರಂಭಿಸಿದ ‘ದಿಸ್ ಇಂಗ್ಲೆಂಡ್’ ಎಂಬ ತ್ರೈಮಾಸಿಕ ಸಾಗರದಾಚೆ ನೆಲೆಸಿದ ಇಂಗ್ಲಿಷರ ಮನೆಗಳನ್ನೂ ತಲುಪಿದ್ದು ಈ ಸುಖವನ್ನು ನಂಬಿಯೇ.

ಇದನ್ನು ಬರೀ ಕಣ್ಣಿನ ಚಪಲವೆಂದು ತಳ್ಳಿಹಾಕುವವರಿದ್ದಾರೆ. ಗತವೈಭವದ ಮಂಪರು ಎಂದು ಮೂಗು ಮುರಿಯುವವರೂ ಇದ್ದಾರೆ. ಆದರೆ ಈ ಬಗೆಯ ಪತ್ರಿಕೆಗಳ ಹಿರಿಯರ ಸಾಲಿಗೆ ಸೇರಿದ ‘ಕಂಟ್ರಿ ಲೈಫ್’ನ ಕಥೆ ಬೇರೆ ಮಾತು ಹೇಳುತ್ತದೆ. ಪುಟ ತಿರುವುವ ಈ ಸುಖ ಎಷ್ಟೋ ಕಟ್ಟಡಗಳ ಹಣೆಬರಹ ಬದಲಿಸಲು ನೆರವಾಯಿತು. ಅದೇ ಸುಖ ಕೆಲವು ಸಂಗತಿಗಳನ್ನು ಬಹುಕಾಲ ಮರೆಯಲ್ಲೂ ಇಟ್ಟಿತು.

ಚಿತ್ರವಾಗಿ ನೋಡುವ ಕಣ್ಣು

ನಾಡನ್ನು ಚಿತ್ರದಂತೆ ನೋಡುವ ಅಭ್ಯಾಸ ಬ್ರಿಟನ್ನಿನಲ್ಲಿ ಈ ಪತ್ರಿಕೆಗಳಿಗಿಂತ ಹಳೆಯದು. ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ ವೈ ನದಿಯ ಮೇಲಿನ ದೋಣಿಯಾತ್ರೆಯನ್ನು ವರ್ಣಿಸಿ 1782ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಯಾವ ನೋಟ ಚಿತ್ರಕ್ಕೆ ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂದು ತೂಗಿ ಹೇಳುವುದೇ ಅದರ ಕೆಲಸ. ಟಿಂಟರ್ನ್‌ನ ಪಾಳು ಮಠದ ಮೇಲ್ಗೋಡೆಗಳು ತೀರ ನೆಟ್ಟಗೆ ಉಳಿದುಬಿಟ್ಟಿವೆ, ಯಾರಾದರೂ ಸುತ್ತಿಗೆ ಹಿಡಿದು ಹದವರಿತು ಒಂದಿಷ್ಟು ಮುರಿದರೆ ಚೆನ್ನ ಎನ್ನುವ ತನಕ ಅವನ ರಸಿಕತೆ ಹೋಯಿತು! ಅಂದಿನ ಪ್ರವಾಸಿಗಳು ಕ್ಲಾಡ್ ಗ್ಲಾಸ್ ಎಂಬ ಕಪ್ಪುಛಾಯೆಯ ಉಬ್ಬುಗನ್ನಡಿಯನ್ನು ಜೊತೆಗೆ ಒಯ್ಯುತ್ತಿದ್ದರು. ಬೆಟ್ಟ ಹೊಳೆಗಳಿಗೆ ಬೆನ್ನು ಹಾಕಿ ನಿಂತು, ಕನ್ನಡಿಯೊಳಗೆ ಅವುಗಳ ಬಿಂಬ ನೋಡಿ ತಣಿಯುತ್ತಿದ್ದರು. ಇಂದಿನ ಪತ್ರಿಕೆಗಳ ಬಣ್ಣದ ಪುಟ ಆ ಕನ್ನಡಿಯ ವಂಶಕ್ಕೆ ಸೇರಿದ್ದು ಎನ್ನಬಹುದು.

ಈ ಅಭ್ಯಾಸಕ್ಕೆ ಹಂಬಲವನ್ನು ಸೇರಿಸಿದ್ದು ನಗರಗಳ ಬೆಳವಣಿಗೆ. 1851ರ ಜನಗಣತಿಯ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಅರ್ಧಕ್ಕೂ ಹೆಚ್ಚು ಜನ ಪಟ್ಟಣವಾಸಿಗಳಾಗಿದ್ದರು. ಹಳ್ಳಿ ಕೈತಪ್ಪಿದ ಮೇಲೆಯೇ ಹಳ್ಳಿಯ ಚಿತ್ರಕ್ಕೆ ಬೆಲೆ ಬಂತು.

ಈ ಹಂಬಲವನ್ನು ಚೆನ್ನಾಗಿ ಅರಿತವನು ಲಂಡನ್ನಿನ ಮುದ್ರಣ ಉದ್ಯಮಿ ಎಡ್ವರ್ಡ್ ಹಡ್ಸನ್. ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ವರ್ಷ, 1897ರ ಜನವರಿ 8ರಂದು ಅವನ ಪತ್ರಿಕೆಯ ಮೊದಲ ಸಂಚಿಕೆ ಹೊರಬಂತು. ಛಾಯಾಚಿತ್ರವನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಅಕ್ಷರಗಳ ಜೊತೆಗೇ ಅಚ್ಚು ಹಾಕುವ ಹಾಫ್‌ಟೋನ್ ವಿಧಾನ ಆಗಷ್ಟೇ ಬಳಕೆಗೆ ಬರುತ್ತಿತ್ತು. ಅದನ್ನು ನುಣುಪಾದ ಒಳ್ಳೆಯ ಕಾಗದದ ಮೇಲೆ ಅಂದವಾಗಿ ಬಳಸಿದ್ದು ಹಡ್ಸನ್‌ನ ಜಾಣ್ಮೆ.

ಹಡ್ಸನ್ ತನ್ನ ಓದುಗರ ಕನಸನ್ನು ತಾನೂ ಕಂಡವನು. ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್‌ನಿಂದ ಸಾನಿಂಗ್ ಎಂಬಲ್ಲಿ ಮನೆ ಕಟ್ಟಿಸಿಕೊಂಡ. ಉತ್ತರ ಸಮುದ್ರದ ಅಂಚಿನಲ್ಲಿದ್ದ ಲಿಂಡಿಸ್‌ಫಾರ್ನ್ ಕೋಟೆಯನ್ನು ಕೊಂಡು ಅದನ್ನೂ ಅವನಿಂದಲೇ ವಾಸಯೋಗ್ಯ ಮಾಡಿಸಿದ. ಪತ್ರಿಕೆಗೆ ತೋಟಗಾರಿಕೆಯ ಬಗ್ಗೆ ಬರೆಯುತ್ತಿದ್ದ ಗರ್ಟ್ರೂಡ್ ಜೀಕಿಲ್ ಅಲ್ಲಿಗೊಂದು ಹೂದೋಟ ರೂಪಿಸಿದಳು. ಪತ್ರಿಕೆಯ ಲಂಡನ್ ಕಚೇರಿ ಕಟ್ಟಡವೂ ಲುಟ್ಯೆನ್ಸ್‌ನದೇ. ಮುಂದೆ ದೆಹಲಿಯಲ್ಲಿ, ಇಂದು ರಾಷ್ಟ್ರಪತಿ ಭವನವಾಗಿರುವ ವೈಸ್‌ರಾಯ್ ನಿವಾಸವನ್ನು ರೂಪಿಸಿದ ಲುಟ್ಯೆನ್ಸ್‌ಗೆ ಆರಂಭದ ದಿನಗಳಲ್ಲಿ ಹೆಸರು ತಂದುಕೊಟ್ಟದ್ದರಲ್ಲಿ ಈ ಪತ್ರಿಕೆಯ ಪಾಲು ದೊಡ್ಡದು.

ಜನರಿಲ್ಲದ ಕೋಣೆಗಳು

‘ಕಂಟ್ರಿ ಲೈಫ್’ನ ತಿರುಳು ವಾರಕ್ಕೊಂದು ಹಳೆಯ ಮಹಲಿನ ಪರಿಚಯ. ಚಾರ್ಲ್ಸ್ ಲ್ಯಾಥಮ್‌ನಂಥ ಛಾಯಾಗ್ರಾಹಕರು ಭಾರವಾದ ಕ್ಯಾಮೆರಾ, ಗಾಜಿನ ಫಲಕಗಳನ್ನು ಹೊತ್ತು ಮಹಲಿಂದ ಮಹಲಿಗೆ ಹೋಗುತ್ತಿದ್ದರು. ಕೋಣೆಯಲ್ಲಿ ಹರಡಿದ್ದ ದಿನಬಳಕೆಯ ಸಾಮಾನು ಬದಿಗೆ ಸರಿಯುತ್ತಿತ್ತು, ಕುರ್ಚಿ ಮೇಜುಗಳು ಚಿತ್ರಕ್ಕೆ ಒಪ್ಪುವಲ್ಲಿಗೆ ಬರುತ್ತಿದ್ದವು. ಕಿಟಕಿಯ ಬೆಳಕಿನಲ್ಲಿ ನಿಧಾನವಾಗಿ ತೆಗೆದ ಆ ಚಿತ್ರಗಳಲ್ಲಿ ಮನುಷ್ಯರು ಅಪರೂಪ. ಎಲ್ಲವೂ ಶತಮಾನಗಳಿಂದ ಹೀಗೆಯೇ ಇತ್ತು, ಮುಂದೆಯೂ ಹೀಗೆಯೇ ಇರುತ್ತದೆ ಎಂಬ ಭಾವ ಓದುಗನಲ್ಲಿ ಮೂಡುತ್ತಿತ್ತು.

ಆದರೆ ಅದೇ ಸಂಚಿಕೆಯ ಆರಂಭದ ಜಾಹೀರಾತುಗಳು ಬೇರೆ ಕಥೆ ಹೇಳುತ್ತಿದ್ದವು. ಅಲ್ಲಿ ಪುಟಗಟ್ಟಲೆ ಮಹಲುಗಳು, ಎಸ್ಟೇಟುಗಳು ಮಾರಾಟಕ್ಕಿದ್ದವು. 1870ರ ದಶಕದಿಂದ ಅಮೆರಿಕದ ಅಗ್ಗದ ಧಾನ್ಯ ಹಡಗು ತುಂಬಿ ಬರತೊಡಗಿ ಬ್ರಿಟನ್ನಿನ ಜಮೀನ್ದಾರರ ಗೇಣಿ ಇಳಿದಿತ್ತು. 1894ರಲ್ಲಿ ಸತ್ತವರ ಆಸ್ತಿಯ ಮೇಲೆ ಹೊಸ ತೆರಿಗೆ ಬಂತು. ಮೊದಲ ಮಹಾಯುದ್ಧದಲ್ಲಿ ಎಷ್ಟೋ ಮನೆತನಗಳ ವಾರಸುದಾರರು ಮಡಿದರು. ಮನೆಗೆಲಸದ ಆಳುಗಳು ಸಿಗುವುದೂ ಕಷ್ಟವಾಯಿತು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯ ಬೀಡುಬಿಟ್ಟು ಹೋದ ಮಹಲುಗಳ ಮಾಡು ಸೋರುತ್ತಿತ್ತು. 1949ರ ಹೊತ್ತಿಗೆ ಅತಿ ದೊಡ್ಡ ಆಸ್ತಿಗಳ ಮೇಲಿನ ಮರಣ ತೆರಿಗೆ ಶೇ. 80ಕ್ಕೆ ಮುಟ್ಟಿತ್ತು. ಲೇಖನದ ಪುಟ ಶಾಶ್ವತವೆಂದು ತೋರಿಸಿದ್ದನ್ನು ಜಾಹೀರಾತಿನ ಪುಟ ಕೈಬಿಟ್ಟು ಹೋಗುತ್ತಿರುವುದೆಂದು ಸಾರುತ್ತಿತ್ತು. ಇಂಥ ಪತ್ರಿಕೆಯನ್ನು ಓದಬಲ್ಲವನು ಎರಡನ್ನೂ ಓದುತ್ತಾನೆ.

ಬಿದ್ದ ಮನೆಗಳ ಹೆಸರು

ಕೊಳ್ಳುವವರಿಲ್ಲದ ಮಹಲುಗಳಿಗೆ ಉಳಿದದ್ದು ಹಾರೆ ಪಿಕಾಸಿ. ಸೀಸದ ಮಾಡು, ಓಕ್ ಮರದ ಹಲಗೆ, ಅಮೃತಶಿಲೆಯ ಅಗ್ಗಿಷ್ಟಿಕೆಗಳು ಬಿಡಿಬಿಡಿಯಾಗಿ ಹರಾಜಾದವು. ಈ ನಾಶ ತಾರಕಕ್ಕೇರಿದ 1955ರಲ್ಲಿ ಸರಾಸರಿ ಐದು ದಿನಕ್ಕೊಂದು ಮಹಲು ನೆಲಸಮವಾಯಿತು ಎಂಬ ಲೆಕ್ಕವಿದೆ. ಪಟ್ಟಿಗೆ ಸೇರಿದ ಐತಿಹಾಸಿಕ ಕಟ್ಟಡವನ್ನು ಅನುಮತಿಯಿಲ್ಲದೆ ಕೆಡವಬಾರದು ಎಂಬ ಗಟ್ಟಿಯಾದ ಕಾನೂನು ಬಂದದ್ದು 1968ರಲ್ಲಿ.

ಆ ಹೊತ್ತಿಗೆ ಹಡ್ಸನ್‌ನ ಗಾಜಿನ ಫಲಕಗಳಿಗೆ ಹೊಸ ಅರ್ಥ ಬಂದಿತ್ತು. ಓದುಗರ ವಾರಾಂತ್ಯದ ಸುಖಕ್ಕೆಂದು ತೆಗೆದ ಚಿತ್ರಗಳೇ, ಬಿದ್ದುಹೋದ ಎಷ್ಟೋ ಮಹಲುಗಳು ಹೇಗಿದ್ದವೆಂಬುದಕ್ಕೆ ಉತ್ತಮ ಸಾಕ್ಷಿಯಾಗಿ ಉಳಿದವು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಮಹಲುಗಳ ವಿನಾಶವನ್ನು ಕುರಿತ ಪ್ರದರ್ಶನ ನಡೆಯಿತು. ಅದನ್ನು ರೂಪಿಸಿದವರು ಮ್ಯೂಸಿಯಂನ ನಿರ್ದೇಶಕ ರಾಯ್ ಸ್ಟ್ರಾಂಗ್, ಇತಿಹಾಸಕಾರ ಜಾನ್ ಹ್ಯಾರಿಸ್ ಮತ್ತು ‘ಕಂಟ್ರಿ ಲೈಫ್’ನ ಬರಹಗಾರ ಮಾರ್ಕಸ್ ಬಿನ್ನಿ. ಕುಸಿಯುತ್ತಿರುವ ಕಂಬಗಳಂತೆ ರೂಪಿಸಿದ ಕೋಣೆಯೊಂದರಲ್ಲಿ, ನಾಶವಾದ ಸಾವಿರಕ್ಕೂ ಹೆಚ್ಚು ಮಹಲುಗಳ ಚಿತ್ರಗಳನ್ನು ತೋರಿಸಲಾಯಿತು. ಹಿನ್ನೆಲೆಯಲ್ಲಿ ಹ್ಯಾರಿಸ್‌ನ ದನಿ ಅವುಗಳ ಹೆಸರನ್ನು ಒಂದೊಂದಾಗಿ ಓದುತ್ತ ಹೋಗುತ್ತಿತ್ತು. ಮರುವರ್ಷ ಬಿನ್ನಿ ಮತ್ತು ಸಂಗಡಿಗರು ‘ಸೇವ್ ಬ್ರಿಟನ್ಸ್ ಹೆರಿಟೇಜ್’ ಎಂಬ ಸಂಸ್ಥೆ ಕಟ್ಟಿದರು.

ಶ್ರೀಮಂತರ ಮೇಲೆ ಸಂಪತ್ತಿನ ತೆರಿಗೆ ಹೇರುವ ಮಾತು ನಡೆದಿದ್ದ ಕಾಲವದು. ಪ್ರದರ್ಶನದಲ್ಲಿ ರಾಜಕೀಯವೂ ಇತ್ತು. ಸಿರಿವಂತರ ಮನೆ ಬಿದ್ದರೆ ಬಡವನಿಗೇನು ನಷ್ಟ ಎಂಬ ಪ್ರಶ್ನೆ ಸಹಜವಾದದ್ದೇ. ಆದರೆ ಜನಸಾಮಾನ್ಯರು ಅದಕ್ಕೆ ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟರು. 1895ರಲ್ಲಿ ಸ್ಥಾಪನೆಯಾಗಿ, ಇಂಥ ನೂರಾರು ತಾಣಗಳನ್ನು ವಹಿಸಿಕೊಂಡು ಸಾರ್ವಜನಿಕರಿಗೆ ತೆರೆದಿಟ್ಟಿರುವ ನ್ಯಾಷನಲ್ ಟ್ರಸ್ಟ್‌ನ ಸದಸ್ಯರು 1981ರಲ್ಲಿ ಹತ್ತು ಲಕ್ಷ ಮುಟ್ಟಿದರು. ಈಗ ಅವರ ಸಂಖ್ಯೆ ಐವತ್ತು ಲಕ್ಷಕ್ಕೂ ಹೆಚ್ಚು. ಚಿತ್ರ ನೋಡಿ ಸುಖಿಸಿದವರು ಟಿಕೆಟ್ ಕೊಂಡು ಒಳಗೆ ಹೋದರು. ಒಳಗೆ ಹೋದವರು ಚಂದಾ ಕೊಟ್ಟು ಮಾಡು ರಿಪೇರಿ ಮಾಡಿಸಿದರು.

ಚೌಕಟ್ಟಿನ ಹೊರಗೆ

ಇಷ್ಟಕ್ಕೇ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಚಿತ್ರದ ಚೌಕಟ್ಟು ತೋರಿಸುವಂತೆಯೇ ಅಡಗಿಸುತ್ತದೆ ಕೂಡ. ಸಸೆಕ್ಸ್‌ನ ಅಪ್‌ಪಾರ್ಕ್ ಎಂಬ ಸೊಗಸಾದ ಮಹಲಿನಲ್ಲಿ 1880ರಿಂದ 1893ರವರೆಗೆ ಮನೆವಾರ್ತೆ ನೋಡಿಕೊಳ್ಳುತ್ತಿದ್ದವಳು ಸಾರಾ ವೆಲ್ಸ್. ಅವಳ ಮಗ, ಮುಂದೆ ಕಾದಂಬರಿಕಾರನಾದ ಎಚ್.ಜಿ. ವೆಲ್ಸ್, ಆ ಮನೆಯನ್ನು ಕಂಡದ್ದು ನೆಲಮಾಳಿಗೆಯ ಕಡೆಯಿಂದ. ಆಳುಕಾಳುಗಳು ದೊರೆಗಳ ಕಣ್ಣಿಗೆ ಬೀಳದೆ ಓಡಾಡಲು ಅಲ್ಲಿ ಸುರಂಗಗಳಿದ್ದವು. ‘ದಿ ಟೈಮ್ ಮೆಷಿನ್’ನಲ್ಲಿ ನೆಲದಡಿ ಬದುಕುವ ಜೀವಿಗಳ ಕಲ್ಪನೆಗೆ ಈ ನೆನಪೇ ಬೀಜ ಎನ್ನುವವರಿದ್ದಾರೆ. ಹಿಂದೆ ‘ಕಂಟ್ರಿ ಲೈಫ್’ನಲ್ಲಿ ದುಡಿದಿದ್ದ ಮಾರ್ಕ್ ಜಿರೂವಾರ್ಡ್ 1978ರಲ್ಲಿ ಪ್ರಕಟಿಸಿದ ಪುಸ್ತಕವೊಂದು, ಈ ಮಹಲುಗಳಲ್ಲಿ ಜನ ನಿಜವಾಗಿ ಬಾಳಿದ್ದು ಹೇಗೆ ಎಂಬುದನ್ನೇ ವಸ್ತುವಾಗಿಸಿಕೊಂಡಿತು. ಬರಿದಾಗಿದ್ದ ಕೋಣೆಗಳಿಗೆ ಮನುಷ್ಯರು ಮರಳಿದರು.

ಹಣ ಎಲ್ಲಿಂದ ಬಂತೆಂಬುದು ಇನ್ನೊಂದು ಪ್ರಶ್ನೆ. ಯಾರ್ಕ್‌ಷೈರಿನ ಹೇರ್‌ವುಡ್ ಮಹಲನ್ನು 18ನೇ ಶತಮಾನದಲ್ಲಿ ಕಟ್ಟಿಸಿದ ಲಾಸೆಲ್ಸ್ ಮನೆತನದ ಸಿರಿ ಬಂದದ್ದು ಕೆರಿಬಿಯನ್ ದ್ವೀಪಗಳ ಸಕ್ಕರೆಯಿಂದ, ಗುಲಾಮರ ದುಡಿಮೆಯಿಂದ. ಇನ್ನು ವೇಲ್ಸ್‌ನ ಪೊವಿಸ್ ಕೋಟೆಯ ಕೆಂಪುಕಲ್ಲಿನ ಗೋಡೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅದರ ಉದ್ಯಾನ ಯಾವ ಪತ್ರಿಕೆಯ ಮುಖಪುಟಕ್ಕೂ ಒಪ್ಪುವಂಥವು. ಕನ್ನಡ ಓದುಗ ಮಾತ್ರ ಆ ಪುಟದಲ್ಲಿ ಒಂದು ಗಳಿಗೆ ಹೆಚ್ಚು ನಿಲ್ಲಬೇಕು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರನಾಗಿದ್ದವನು ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್ ಕ್ಲೈವ್. ಅವನ ಹೆಂಡತಿ ಹೆನ್ರಿಯೆಟಾ ಪೊವಿಸ್ ಮನೆತನದವಳು. ಮರುವರ್ಷ ಹೆಣ್ಣುಮಕ್ಕಳೊಡನೆ ಮೈಸೂರು ಸೀಮೆಯನ್ನು ಸುತ್ತಿ ಬಂದವಳು. ಟಿಪ್ಪುವಿನ ಸಿಂಹಾಸನವನ್ನು ಅಲಂಕರಿಸಿದ್ದ ಚಿನ್ನದ ಹುಲಿಮೊಗಗಳಲ್ಲಿ ಒಂದು, ಹೂಬಳ್ಳಿ ಬಿಡಿಸಿದ ಹತ್ತಿಬಟ್ಟೆಯ ಅವನ ಡೇರೆ ಪೊವಿಸ್ ಸೇರಿದ್ದು ಹೀಗೆ. ಸುಲ್ತಾನನ ಆ ಡೇರೆ ಅಲ್ಲಿ ಉದ್ಯಾನದ ಔತಣಕೂಟಗಳಿಗೆ ಚಪ್ಪರವಾಗಿಯೂ ಬಳಕೆಯಾಯಿತು.

ನ್ಯಾಷನಲ್ ಟ್ರಸ್ಟ್ 2020ರಲ್ಲಿ ಒಂದು ವರದಿ ಪ್ರಕಟಿಸಿ, ತನ್ನ ವಶದಲ್ಲಿರುವ 93 ತಾಣಗಳಿಗೆ ವಸಾಹತುಶಾಹಿ ಅಥವಾ ಗುಲಾಮಗಿರಿಯ ನಂಟಿದೆ ಎಂದು ಹೇಳಿತು. ಪೊವಿಸ್ ಕೂಡ ಅದರಲ್ಲಿದೆ. ದೊಡ್ಡ ಗದ್ದಲವೆದ್ದಿತು. ನೆಮ್ಮದಿಯ ವಿಹಾರಕ್ಕೆ ಬರುವವರಿಗೆ ಈ ಪಾಠವೇಕೆ ಎಂದು ಆಕ್ಷೇಪಿಸಿದವರಲ್ಲಿ ಸಂಸತ್ ಸದಸ್ಯರೂ ಇದ್ದರು. ಟ್ರಸ್ಟ್ ತನ್ನ ಧ್ಯೇಯದ ಮಿತಿಯೊಳಗೇ ನಡೆದುಕೊಂಡಿದೆ ಎಂದು ದತ್ತಿ ಸಂಸ್ಥೆಗಳ ಆಯೋಗ 2021ರಲ್ಲಿ ಅಭಿಪ್ರಾಯಪಟ್ಟಿತು.

ಆಕ್ಷೇಪಿಸಿದವರ ಅಳುಕು, ತಿಳಿವಳಿಕೆ ಬಂದರೆ ಸುಖ ಕೆಡುತ್ತದೆ ಎಂಬುದು. ಆದರೆ ಹಾಗೇನೂ ಆಗಬೇಕಿಲ್ಲ. ಹುಲಿಮೊಗ ಎಲ್ಲಿಂದ ಬಂತೆಂದು ಬಲ್ಲವನ ಕಣ್ಣಿಗೆ ಪೊವಿಸ್‌ನ ಉದ್ಯಾನ ಅಷ್ಟೇ ಹಸಿರು. ಜೊತೆಗೆ ಅವನಿಗೆ ಕಾವೇರಿಯ ದಂಡೆಯೂ ಕಾಣುತ್ತದೆ, ಗಾಜಿನ ಫಲಕ ಹೊತ್ತು ಬಂದ ಛಾಯಾಗ್ರಾಹಕನೂ ಕಾಣುತ್ತಾನೆ, ಅವನಿಗಾಗಿ ಕುರ್ಚಿಗಳನ್ನು ಬದಿಗೆ ಸರಿಸಿದ ಹೆಸರಿಲ್ಲದ ಆಳೂ ಕಾಣುತ್ತಾನೆ. ಗಿಲ್ಪಿನ್‌ನ ಕಾಲದ ಪ್ರವಾಸಿ ಕನ್ನಡಿಯಲ್ಲಿ ಬಿಂಬ ನೋಡಿ ಮುಂದಿನ ಊರಿಗೆ ನಡೆದುಬಿಡುತ್ತಿದ್ದ. ಇಂದಿನ ಓದುಗ ಪತ್ರಿಕೆ ಮಡಿಸಿಟ್ಟ ಮೇಲೆ ಒಮ್ಮೆ ಹಿಂದಕ್ಕೆ ತಿರುಗಿಯೂ ನೋಡಬಹುದು.