ಅಡ್ಡ ಸ್ಲೈಡ್, ಉದ್ದ ಸ್ಲೈಡ್: ಒಂದೇ ಪಿಪಿಟಿಯಲ್ಲಿ?

ಹಳೇಬೀಡಿನ ಗುಡಿಯ ಬುಡದಲ್ಲಿರೋ ಆನೆಗಳ ಸಾಲು ಈ ಅಡ್ಡ ಸ್ಲೈಡ್‌ನಲ್ಲಿ ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಮುಂದಿನ ಸ್ಲೈಡ್, ಶ್ರವಣಬೆಳಗೊಳದ ಗೊಮ್ಮಟ. ಸುಮಾರು 57 ಅಡಿ ಎತ್ತರದ ಏಕಶಿಲಾ ಮೂರ್ತಿ, ಇಲ್ಲಿ ಪುಟ್ಟದಾಗಿ ನಡುವೆ ನಿಂತಿದೆ. ಇದೊಂದು ಸ್ಲೈಡನ್ನು ಮಾತ್ರ ಉದ್ದಕ್ಕೆ ತಿರುಗಿಸಬಹುದಾ?

ಪವರ್‌ಪಾಯಿಂಟ್‌ನಲ್ಲಿ ಆಗಲ್ಲ. ಒಂದು ಫೈಲ್‌ಗೆ ಒಂದೇ ಅಳತೆ. ಸ್ಲೈಡ್ ಸೈಜ್‌ನಲ್ಲಿ ಪೋರ್ಟ್ರೇಟ್ ಅಂತ ಕೊಟ್ಟರೆ ಆನೆಗಳ ಸ್ಲೈಡೂ ಸೇರಿ ಎಲ್ಲವೂ ಉದ್ದಕ್ಕೆ ತಿರುಗಿಬಿಡುತ್ತವೆ.

ಆದರೆ ದಾರಿ ಇದೆ. ಎರಡು ಫೈಲ್ ಮಾಡಿ, ಒಂದು ಅಡ್ಡ, ಒಂದು ಉದ್ದ. ಮೊದಲು ಎರಡನ್ನೂ ಒಂದೇ ಫೋಲ್ಡರ್‌ಗೆ ಹಾಕಿ. ಪೆನ್‌ಡ್ರೈವ್‌ಗೆ ಒಯ್ಯುವಾಗಲೂ ಫೋಲ್ಡರನ್ನೇ ಇಡಿಯಾಗಿ ಒಯ್ಯಿರಿ, ಇಲ್ಲಾಂದ್ರೆ ಸಭೆಯ ಎದುರು ಲಿಂಕ್ ಕೈಕೊಡುತ್ತೆ. ಈಗ ಅಡ್ಡ ಫೈಲ್‌ನಲ್ಲಿ ಒಂದು ಚಿತ್ರ ಆರಿಸಿ. ಇನ್ಸರ್ಟ್, ಆಕ್ಷನ್, ಹೈಪರ್‌ಲಿಂಕ್ ಟು. ಅಲ್ಲಿ ಅದರ್ ಪವರ್‌ಪಾಯಿಂಟ್ ಪ್ರೆಸೆಂಟೇಷನ್ ಒತ್ತಿ, ಉದ್ದ ಫೈಲನ್ನು ತೋರಿಸಿ. ಸ್ಲೈಡ್‌ಶೋ ನಡೆಯುವಾಗ ಆ ಚಿತ್ರ ಕ್ಲಿಕ್ ಮಾಡಿದರೆ ಗೊಮ್ಮಟ ತೆರೆದುಕೊಳ್ಳುತ್ತಾನೆ. ಎಸ್ಕೇಪ್ ಒತ್ತಿದರೆ ವಾಪಸ್ ಆನೆಗಳ ಹತ್ತಿರ.

ಒಂದು ಮಾತು ಮಾತ್ರ ನೆನಪಿಡಿ. ಪ್ರೊಜೆಕ್ಟರ್ ಪರದೆಯೇ ಅಡ್ಡ. ಉದ್ದ ಸ್ಲೈಡ್ ಹಾಕಿದರೂ ಚಿತ್ರ ಪರದೆಯ ಎತ್ತರ ಮೀರಲ್ಲ, ಎರಡು ಬದಿಗೆ ಕಪ್ಪು ಪಟ್ಟಿ ಬರುತ್ತೆ ಅಷ್ಟೆ. ಅದಕ್ಕಿಂತ ಅಡ್ಡ ಸ್ಲೈಡ್‌ನ ಪೂರ್ತಿ 7.5 ಇಂಚು ಎತ್ತರಕ್ಕೆ ಗೊಮ್ಮಟನ ಫೋಟೋ ಎಳೆದು ಎಡಕ್ಕೆ ನಿಲ್ಲಿಸಿ, ಬಲಗಡೆ ವಿವರ ಬರೆಯಿರಿ. ನೋಡೋಕೂ ಅದೇ ಚೆಂದ.

ಉದ್ದ ಫೈಲನ್ನು ಪ್ರಿಂಟ್ ತೆಗೆದು ಹಂಚೋಕೆ ಇಟ್ಟುಕೊಳ್ಳಿ.